ಶಾಲೆಯ ಪ್ರವಾಸವೂ ನಿಸರ್ಗದ ಪಂಚಾಂಗವೂ

ದೀಪಾವಳಿಯು ಕಳೆದು ಚಳಿಯು ತಲೆದೋರುವ ವೇಳೆಗೆ ಕನ್ನಡನಾಡಿನ ಶಾಲೆಗಳಲ್ಲಿ ಪ್ರವಾಸದ ಉತ್ಸಾಹವು ಮೂಡುವುದು. ಮನೆಗೊಂದು ಒಪ್ಪಿಗೆಯ ಪತ್ರವು ಬರುತ್ತದೆ. ತಂದೆಯು ರುಜು ಹಾಕಿ ಹಣವನ್ನು ಕೊಡುತ್ತಾನೆ. ತಾಯಿಯು ಬೆಳಗಿನ ಜಾವದಲ್ಲೆದ್ದು ಚಿತ್ರಾನ್ನದ ಬುತ್ತಿಯನ್ನು ಕಟ್ಟುತ್ತಾಳೆ. ಹಿಂದೆ ಈ ಪ್ರವಾಸಗಳು ಬಹುಮಟ್ಟಿಗೆ ಬೇಲೂರು ಹಳೆಬೀಡುಗಳಿಗೆ, ಜೋಗಕ್ಕೆ ಹೋಗುತ್ತಿದ್ದುವು. ಈಗ ಆ ಪಟ್ಟಿಯಲ್ಲಿ ಪಕ್ಷಿಧಾಮ, ಚಿಟ್ಟೆಗಳ ಉದ್ಯಾನ, ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ, ಪರಿಸರ ಶಿಕ್ಷಣ ಕೇಂದ್ರ ಎಂಬ ಹೆಸರುಗಳೂ ಸೇರಿವೆ. ಪರಿಸರವನ್ನು ಶಿಕ್ಷಣದಲ್ಲಿ ಕಡ್ಡಾಯದ ವಿಷಯವನ್ನಾಗಿ ಮಾಡಬೇಕೆಂದು ದೇಶದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ನಿರ್ದೇಶಿಸಿತು. ಅಂದಿನಿಂದ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸ್ಥಾನವೂ, ಪ್ರವಾಸಗಳಲ್ಲಿ ಅದಕ್ಕೊಂದು ದಿನವೂ ದೊರೆತಿವೆ. ಇದು ಸಂತೋಷಪಡತಕ್ಕ ಸಂಗತಿಯೆಂದು ಸಾಮಾನ್ಯರೆಲ್ಲರೂ ತಿಳಿದಿರುವರು. ಆದರೆ ಆ ಒಂದು ದಿನದಲ್ಲಿ ನಡೆಯುವುದೇನು ಎಂಬುದನ್ನು ವಿಚಾರಿಸಿದವರು ವಿರಳ.

ಎರಡು ಬಸ್ಸುಗಳಲ್ಲಿ ನೂರು ಮಕ್ಕಳು. ಹಾದಿಯುದ್ದಕ್ಕೂ ಚಲನಚಿತ್ರದ ಹಾಡುಗಳ ಅಬ್ಬರ. ರಂಗನತಿಟ್ಟಿನ ಬಾಗಿಲಲ್ಲಿ ಸಾಲು, ದೋಣಿಗಾಗಿ ಮತ್ತೊಂದು ಸಾಲು. ದೋಣಿಯಲ್ಲಿ ಕೆಲವು ನಿಮಿಷ. "ಮೊಸಳೆ, ಮೊಸಳೆ" ಎಂಬ ಕೂಗು ಎದ್ದೊಡನೆ ಎಲ್ಲರೂ ಒಂದೇ ಮಗ್ಗುಲಿಗೆ ವಾಲುವುದು, ಉಪಾಧ್ಯಾಯರು ಗದರಿಸುವುದು. ದಡಕ್ಕೆ ಬಂದ ಕೂಡಲೆ ಛಾಯಾಚಿತ್ರ; ಅನಂತರ ಊಟ; ಸಂಜೆಗೆ ಬೃಂದಾವನದ ಕಾರಂಜಿಯನ್ನು ತಪ್ಪಿಸಿಕೊಳ್ಳಬಾರದೆಂಬ ಅವಸರ. 1940ರಲ್ಲಿ ಪಕ್ಷಿತಜ್ಞರಾದ ಸಾಲಿಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು ಕಾವೇರಿಯ ಈ ನಡುಗಡ್ಡೆಗಳನ್ನು ಪಕ್ಷಿಧಾಮವನ್ನಾಗಿ ಕಾಯ್ದಿಟ್ಟಿತಷ್ಟೆ. ನದಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯಿಂದ ಈ ದ್ವೀಪಗಳು ಉಂಟಾದುವು ಎಂಬುದನ್ನಾಗಲಿ, ಮನುಷ್ಯನು ಗದ್ದೆಗಾಗಿ ಮಾಡಿದ ಕಾರ್ಯವು ಹಕ್ಕಿಗಳಿಗೆ ಹೇಗೆ ಮನೆಯಾಯಿತೆಂಬುದನ್ನಾಗಲಿ ಆ ನೂರು ಮಕ್ಕಳಿಗೆ ಹೇಳುವಷ್ಟು ಬಿಡುವು ಯಾರಿಗೂ ಇರುವುದಿಲ್ಲ. ಮರುದಿನ ಬರೆಯಿಸುವ ಪ್ರಬಂಧದಲ್ಲಿ ಮೊಸಳೆಯೊಂದೇ ಉಳಿದಿರುತ್ತದೆ.

ಅವಸರದ ದೋಷವನ್ನು ಹೇಗಾದರೂ ತಿದ್ದಬಹುದು. ಅದಕ್ಕಿಂತ ದೊಡ್ಡ ದೋಷವು ಕಾಲದ್ದು. ಪ್ರವಾಸದ ತಿಂಗಳನ್ನು ಗೊತ್ತುಪಡಿಸುವುದು ಶಾಲೆಯ ಪರೀಕ್ಷೆಗಳೇ ಹೊರತು ನೋಡಹೋಗುವ ಪ್ರಾಣಿಯ ಜೀವನವಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ನಡುವಣ ಹುಣಸೆ, ಆಲ, ಅರಳಿಮರಗಳ ಮೇಲೆ ಗೂಡು ಕಟ್ಟುವುದು ಸಾಮಾನ್ಯವಾಗಿ ಸಂಕ್ರಾಂತಿಯ ಆಚೀಚೆ. ಮರಿಗಳು ಬೆಳೆದು ರೆಕ್ಕೆ ಬಲಿತು ಹೊರಡುವುದು ಬೇಸಗೆಯ ಕೊನೆಗೆ. ನವೆಂಬರಿನಲ್ಲಿ ಹೋದ ಬಸ್ಸು ಬರಿಯ ಮರಗಳನ್ನೂ ಒಂದು ಫಲಕವನ್ನೂ ನೋಡಿ ಹಿಂದಿರುಗುತ್ತದೆ. ಹಕ್ಕಿಗಳು ಇದ್ದಾಗ ಹೋದರೂ ಅಲ್ಲಿಯ ಮುಖ್ಯವಾದ ಪಾಠವು ಮರದ ಮೇಲಿಲ್ಲ, ಮರದ ಕೆಳಗಿದೆ. ಹಿಕ್ಕೆ ಬಿದ್ದು ಹುಣಸೆಯ ಫಸಲು ಕೆಡುತ್ತದೆ. ಆ ನಷ್ಟಕ್ಕಾಗಿ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರವನ್ನು ಕೊಡುವ ಏರ್ಪಾಡುಂಟು. ಅದೇ ಹಿಕ್ಕೆಯನ್ನು ರೈತರು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತ ಬಂದಿದ್ದಾರೆ. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಊರಿನ ತರುಣರು ಹೆಜ್ಜಾರ್ಲೆ ಬಳಗವೆಂದು ಒಟ್ಟುಗೂಡಿ ಮೀನು ತಿನ್ನಿಸಿ ಸಾಕಿದ್ದೂ ಉಂಟು. 2007ರಲ್ಲಿ ಸರ್ಕಾರವು ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ಒಂದು ಹಕ್ಕಿಯನ್ನು ಉಳಿಸಿಕೊಳ್ಳುವುದಕ್ಕೆ ಯಾರು ಏನನ್ನು ತೆರಬೇಕಾಗುತ್ತದೆ ಎಂಬ ಈ ಲೆಕ್ಕವು ಹನ್ನೆರಡು ವರ್ಷದ ಹುಡುಗಿಗೆ ಅರ್ಥವಾಗದಷ್ಟು ಕಠಿಣವೇನಲ್ಲ. ಮರದ ಒಡತಿಯಾದ ಅಜ್ಜಿಯೊಬ್ಬಳ ಜಗಲಿಯ ಮೇಲೆ ಅರ್ಧ ಗಂಟೆ ಕುಳಿತರೆ ತಿಳಿಯುತ್ತದೆ. ಆದರೆ ಬಸ್ಸಿನ ಚಾಲಕನು ಅಷ್ಟರಲ್ಲಿ ಎರಡು ಸಾರಿ ಹಾರನ್ನು ಒತ್ತಿರುತ್ತಾನೆ.

ಮಳೆಗಾಲದ ಮಾತನ್ನಂತೂ ಎತ್ತುವಂತೆಯೇ ಇಲ್ಲ. ಕಪ್ಪೆಗಳು ಕೂಗುವ, ಹುಳುಗಳು ಹೊರಡುವ, ಹಳ್ಳದ ದಡದ ಈಚಲುಮರದಲ್ಲಿ ಗೀಜಗನು ನೇಯತೊಡಗುವ ತಿಂಗಳುಗಳಲ್ಲಿ ಶಾಲೆಗಳು ಕಿಟಕಿಗಳನ್ನು ಮುಚ್ಚಿಕೊಂಡು ಪರಿಸರದ ಪಾಠವನ್ನು ಓದಿಸುತ್ತಿರುತ್ತವೆ. ಗೀಜಗನ ಗೂಡನ್ನು ಮಕ್ಕಳೆಲ್ಲರೂ ಕಂಡಿರುವರು, ಪ್ರದರ್ಶನದ ಕಪಾಟಿನಲ್ಲಿ. ಆದರೆ ಗಂಡುಹಕ್ಕಿಯು ಹುಲ್ಲಿನ ಗರಿಯನ್ನು ಉದ್ದಕ್ಕೆ ಸೀಳಿ ತಂದು, ಮೊದಲು ಒಂದು ಬಳೆಯಂತೆ ಕಟ್ಟಿ, ಶಿರಸ್ತ್ರಾಣದಾಕಾರದ ಅರೆಗೂಡಿನವರೆಗೆ ನೇಯ್ದು, ಅಲ್ಲಿಗೆ ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುವುದನ್ನು ಕಂಡವರೆಷ್ಟು? ಹೆಣ್ಣು ಬಂದು ಒಳಗೆ ಇಣುಕಿ ಪರೀಕ್ಷಿಸುತ್ತದೆ. ಒಪ್ಪಿದರೆ ಗಂಡು ಕೆಳಗಿನ ಕೊಳವೆಯನ್ನು ಹೆಣೆದು ಮನೆಯನ್ನು ಪೂರೈಸುವುದು. ಒಪ್ಪದಿದ್ದರೆ ಎಷ್ಟೋ ವೇಳೆ ಆ ಅರೆಗೂಡು ಹಾಗೆಯೇ ಗಾಳಿಗೆ ತೂಗಾಡುತ್ತ ಉಳಿಯುವುದು. ಒಂದೇ ಮರದಲ್ಲಿ ಪೂರ್ಣವಾದ ಗೂಡೂ ಅರ್ಧ ಬಿಟ್ಟ ಗೂಡೂ ಏಕಿವೆ ಎಂಬ ಪ್ರಶ್ನೆಯು ಹುಡುಗನ ಮನಸ್ಸಿನಲ್ಲಿ ತಾನಾಗಿ ಹುಟ್ಟಬೇಕಾದರೆ ಅವನು ಅದೇ ಮರವನ್ನು ನಾಲ್ಕಾರು ವಾರ ನೋಡಬೇಕು. ಇದಕ್ಕೆ ಬಸ್ಸೂ ಬೇಡ, ಚೀಟಿಯೂ ಬೇಡ; ಶನಿವಾರ ಶಾಲೆ ಬಿಟ್ಟ ಮೇಲಿನ ಒಂದು ಗಂಟೆಯೂ, ಒದ್ದೆಯಾದರೂ ಚಿಂತೆಯಿಲ್ಲವೆನ್ನುವ ಒಬ್ಬ ಉಪಾಧ್ಯಾಯರೂ ಸಾಕು.

ನಗರದ ಮಕ್ಕಳಿಗೆ ಈಚಲುಮರವೆಲ್ಲಿ, ಹಳ್ಳವೆಲ್ಲಿ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಸುಳ್ಳಲ್ಲ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣವೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ. ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿದೆ. ಆದರೆ ಕೆರೆಯ ಮೇಲೆ ನಿಂತ ನಿಲ್ದಾಣದಿಂದ ಬಸ್ಸು ಹತ್ತಿ ದೂರದ ನೀರನ್ನು ನೋಡಹೋಗುವ ಮಗುವಿಗೆ ಕಾಲ ಕೆಳಗಿನ ಕೆರೆಯ ಕಥೆಯನ್ನು ಹೇಳದಿರುವುದು ಯಾವ ಬಗೆಯ ಪರಿಸರ ಶಿಕ್ಷಣ? ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದರ ಮೇಲೆ ಕುಳಿತು ಕಡಲೆಕಾಯಿ ತಿಂದ ವಿದ್ಯಾರ್ಥಿಗಳು ಸಾವಿರಾರು. ಅದರ ವಯಸ್ಸನ್ನು ಕೇಳಿದವರು ಎಷ್ಟು ಮಂದಿಯೋ.

ಕೇಂದ್ರಗಳೇ ಬೇಡವೆಂಬುದು ಇಲ್ಲಿಯ ವಾದವಲ್ಲ. ಇಂಗ್ಲೆಂಡಿನಲ್ಲಿ 1943ರಲ್ಲಿ, ಮಹಾಯುದ್ಧವು ಇನ್ನೂ ನಡೆಯುತ್ತಿರುವಾಗಲೇ, ಕ್ಷೇತ್ರಾಧ್ಯಯನಕ್ಕಾಗಿ ಒಂದು ಸಂಸ್ಥೆಯು ಹುಟ್ಟಿತು. ಅದರ ಮೊದಲ ಕೇಂದ್ರವು 1946ರಲ್ಲಿ ಫ್ಲಾಟ್‌ಫರ್ಡ್ ಎಂಬಲ್ಲಿಯ ಹಳೆಯ ನೀರುಗಿರಣಿಯಲ್ಲಿ ತೆರೆಯಿತು. ಅಲ್ಲಿಗೆ ಹೋದವರು ಉಳಿದುಕೊಳ್ಳುತ್ತಿದ್ದರು. ಹಗಲು ಹೊಳೆಯಲ್ಲಿಳಿದು ಕಂಡದ್ದನ್ನು ರಾತ್ರಿ ಬರೆದಿಡುತ್ತಿದ್ದರು. ಕೇಂದ್ರವೆಂಬ ಮಾತಿಗೆ ಅರ್ಥ ಬರುವುದು ಹಾಗೆ. ಇಲ್ಲಿಯ ಶಿಬಿರಗಳಲ್ಲಿಯೂ ಬಲ್ಲವರಿದ್ದಾರೆ. ಕಾಡಿನ ಹೆಜ್ಜೆಗುರುತುಗಳನ್ನು ಓದಬಲ್ಲ ಕಾವಲುಗಾರನು ನೂರು ಮಕ್ಕಳ ಗದ್ದಲದಲ್ಲಿ ಧ್ವನಿವರ್ಧಕವನ್ನು ಹಿಡಿದು "ಸಾಲಾಗಿ ನಡೆಯಿರಿ" ಎನ್ನುವುದರಲ್ಲೇ ದಿನವನ್ನು ಕಳೆಯಬೇಕಾಗಿ ಬಂದರೆ ಅದು ಅವನ ತಪ್ಪಲ್ಲ.

ತಪ್ಪು ಶಾಲೆಯೊಂದರದೇ ಎನ್ನುವುದೂ ನ್ಯಾಯವಾಗದು. ವಿದ್ಯಾವಂತರ ಮನೆಗಳೇ ಇದಕ್ಕೆ ಪಾಲುದಾರರು. ಕೊಟ್ಟ ಹಣಕ್ಕೆ ಎಷ್ಟು ಸ್ಥಳಗಳನ್ನು ತೋರಿಸಿದರು ಎಂದು ಎಣಿಸುವವರು ತಂದೆತಾಯಿಗಳು. ನಾಲ್ಕು ಸ್ಥಳ ತೋರಿಸಿದ ಶಾಲೆಯು ಒಂದನ್ನು ತೋರಿಸಿದ ಶಾಲೆಗಿಂತ ಮೇಲೆಂದು ನೆರೆಮನೆಯವರೊಡನೆ ಹೇಳಿಕೊಳ್ಳುವವರೂ ಅವರೇ. ಮಗನು ಕೆಸರು ಮೆತ್ತಿದ ಸಮವಸ್ತ್ರದೊಡನೆ ಕೆರೆಯ ದಂಡೆಯಿಂದ ಬಂದರೆ ಮರುದಿನ ಮುಖ್ಯೋಪಾಧ್ಯಾಯರಿಗೆ ದೂರು ಹೋಗುತ್ತದೆ. ಇಂಥ ದೂರಿಗೆ ಅಂಜಿದ ಉಪಾಧ್ಯಾಯರು ಕಿಟಕಿಯನ್ನು ಮುಚ್ಚಿದರೆ ಅವರನ್ನು ಹಳಿಯುವುದು ಹೇಗೆ? ಮಕ್ಕಳ ಸುರಕ್ಷಿತತೆಯ ಪ್ರಶ್ನೆಯುಂಟು, ನಿಜ. ನೀರಿನ ಬಳಿಗೆ ನೂರು ಮಂದಿಯನ್ನು ಇಬ್ಬರು ಉಪಾಧ್ಯಾಯರೊಡನೆ ಕಳುಹಿಸುವುದು ಅಪಾಯವೇ. ಇಪ್ಪತ್ತು ಮಂದಿಯನ್ನು ಕಳುಹಿಸಿದರೆ ಅಪಾಯವೂ ಕಡಮೆ, ಕಲಿಕೆಯೂ ಹೆಚ್ಚು.

ಆದುದರಿಂದ ಈ ಸಲದ ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವ ಮುನ್ನ ಶಾಲೆಯನ್ನು ಮೂರು ಮಾತು ಕೇಳತಕ್ಕದ್ದು: ಹೋಗುವ ತಿಂಗಳಿನಲ್ಲಿ ಅಲ್ಲಿ ನೋಡತಕ್ಕದ್ದು ಏನಿದೆ, ಕರೆದೊಯ್ಯುವ ಉಪಾಧ್ಯಾಯರು ಆ ಸ್ಥಳವನ್ನು ಮೊದಲೇ ಒಮ್ಮೆ ನೋಡಿಬಂದಿರುವರೇ, ಒಬ್ಬರ ಹಿಂದೆ ಎಷ್ಟು ಮಕ್ಕಳು. ಕಾರಂಜಿಯನ್ನು ಪಟ್ಟಿಯಿಂದ ತೆಗೆದರೆ ಶಾಲೆಯು ಮೊದಲಿಗೆ ಗೊಣಗೀತು, ಮಕ್ಕಳು ಅತ್ತಾರು. ಜೂನ್ ತಿಂಗಳಿನ ಮೊದಲನೆಯ ಒಳ್ಳೆಯ ಮಳೆ ಬಿದ್ದ ವಾರದಲ್ಲಿ ಅದೇ ಮಕ್ಕಳನ್ನು ಊರ ಕೆರೆಯ ಏರಿಯ ಮೇಲೆ ಕರೆದೊಯ್ಯಲು ಉಪಾಧ್ಯಾಯರು ಒಪ್ಪುವುದಾದರೆ, ಛತ್ರಿ ಹಿಡಿದು ಅವರ ಜೊತೆಗೆ ಹೋಗಲು ಇಬ್ಬರು ತಂದೆಯರಾದರೂ ಮುಂದೆ ಬರಬೇಕು.