ಟೆಂಡರಿಗೆ ಮುಂಚೆ ನಕ್ಷೆ ಕೇಳ್ರಿ



ಕುಕನೂರು ಪಟ್ಟಣ ಪಂಚಾಯಿತಿ ಚರಂಡಿ ಕಟ್ಟಿದರೆ ನಮಗೇನು ಅನ್ನಬ್ಯಾಡ್ರಿ. ಊರ ನೀರು ಕೊನೆಗೆ ಇಳಿಯೋದು ಹಳ್ಳಕ್ಕೆ, ಇಲ್ಲಾ ತಗ್ಗಿನ ಹೊಲಕ್ಕೆ.

ಬದು ಹಾಕುವ ಮುಂಚೆ ನಾವು ನೀರಿನ ಓಟ ನೋಡುವುದಿಲ್ಲವೇ? ಕಾಮಗಾರಿಗೂ ಅದೇ ನ್ಯಾಯ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗುಂಡಿ ತೋಡಿ ಮಣ್ಣು ನೋಡದೆ, ಇಳಿಜಾರು ಅಳೆಯದೆ, ಕುರ್ಚಿಯಲ್ಲಿ ಕೂತು ಅಂದಾಜು ಪಟ್ಟಿ ಬರೆದರೆ ರಸ್ತೆ ಸೀಳುತ್ತದೆ, ಚರಂಡಿ ನೀರು ನಿಂತು ನಾರುತ್ತದೆ.

1999ರ ಪಾರದರ್ಶಕತೆ ಕಾಯ್ದೆ ಟೆಂಡರಿಗೆ ಕಾವಲು. ಅದಕ್ಕೂ ಮುಂಚಿನ ಕಾಗದ ನೋಡಲು 2005ರ ಮಾಹಿತಿ ಹಕ್ಕು ಕಾಯ್ದೆ ಅದ. ಮಣ್ಣಿನ ಪರೀಕ್ಷೆ, ಮಟ್ಟದ ಅಳತೆ, ನೀರು ಸೇರುವ ಜಾಗ, ಈ ಮೂರನ್ನೂ ಬರೆದು ಕೇಳ್ರಿ. ಹೊಲ ಜವಳಾದ ಮೇಲೆ ಕೂಗಿದರೆ ಗುತ್ತಿಗೆದಾರನ ಬಿಲ್ಲು ನಿಲ್ಲೋದಿಲ್ಲ, ನಮ್ಮ ಸಾಲವೂ ತೀರೋದಿಲ್ಲ.