ಬೆಳೆಯುವವನೂ ಕೊಳ್ಳುವವನೇ

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದ ಕೆಲವೇ ದಿನಗಳಲ್ಲಿ ಕೃಷಿಗೆ ವಿನಾಯಿತಿ ದೊರೆಯಿತು. ಆದರೆ ಹೋಟೆಲು, ಮದುವೆ, ಸಂತೆಗಳೇ ಇಲ್ಲದ ಮೇಲೆ ಕೋಲಾರದ ಟೊಮೆಟೊಗೆ ಗಿರಾಕಿ ಎಲ್ಲಿ? ಅರ್ಧ ಎಕರೆಯಲ್ಲಿ ಟೊಮೆಟೊ ಬೆಳೆಯುವ ಕುಟುಂಬ ಬೇಳೆ, ಎಣ್ಣೆಗಳನ್ನು ಅಂಗಡಿಯಿಂದಲೇ ತರಬೇಕು. ಸೇವೆಯಲ್ಲಿದ್ದಷ್ಟು ಕಾಲ ನಾನೂ ಕಡತಗಳಲ್ಲಿ ರೈತನನ್ನು ಉತ್ಪಾದಕನೆಂದೇ ಬರೆದವನು. ಆತ ಆಹಾರದ ಗ್ರಾಹಕನೂ ಹೌದೆಂಬುದಕ್ಕೆ ನಮ್ಮ ನಮೂನೆಗಳಲ್ಲಿ ಅಂಕಣವೇ ಇರಲಿಲ್ಲ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಶೇ 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು.

ಅದೇ ವೇಳೆಗೆ ನಗರಗಳಿಂದ ಮಕ್ಕಳು ಮರಳಿದರು. ಅವರು ಕಳುಹಿಸುತ್ತಿದ್ದ ಹಣ ನಿಂತಿತು, ಉಣ್ಣುವ ಬಾಯಿ ಹೆಚ್ಚಿತು. ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಡಿ ತಿಂಗಳಿಗೆ ತಲಾ 5 ಕೆ.ಜಿ. ಧಾನ್ಯ ಹೆಚ್ಚುವರಿಯಾಗಿ, ಉಚಿತವಾಗಿ ಬಂದಿತು. ಹೊಟ್ಟೆ ತುಂಬಿಸಿದ್ದು ಅದೇ, ಅಲ್ಲಗಳೆಯಲಾರೆ. ಜೊತೆಗೆ ಕುಟುಂಬಕ್ಕೊಂದು ಕೆ.ಜಿ. ಬೇಳೆಯೂ ಇತ್ತು; ಆ ನವೆಂಬರ್‌ಗೆ ಅದು ಮುಗಿಯಿತು. 2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಹಳ್ಳಿಗಳನ್ನೂ ಹೊಕ್ಕಿದ್ದಾಗ, ಯೋಜನೆ ಮರಳಿತು, ಬೇಳೆ ಮರಳಲಿಲ್ಲ. ಆಸ್ಪತ್ರೆಯ ಖರ್ಚಿಗೆ ಹಸುವನ್ನು ಮಾರಿದ ಮನೆಗಳಲ್ಲಿ ಹಾಲೂ ಇಲ್ಲವಾಗಿತ್ತು.

ಮುಂದಿನ ವಿಪತ್ತಿಗೆ ಆದೇಶ ಸಿದ್ಧಪಡಿಸುವ ಅಧಿಕಾರಿಗಳು ಸಾಗಾಟದ ವಿನಾಯಿತಿಯೊಡನೆ ತರಕಾರಿಯ ಖರೀದಿಯನ್ನೂ, ಅಕ್ಕಿಯೊಡನೆ ಬೇಳೆಯನ್ನೂ ಮೊದಲ ದಿನವೇ ನಮೂದಿಸಲಿ.