ಕೆರೆ ದಂಡೆಯಲ್ಲಿ ನಮ್ಮ ದಫ್ ಯಾಕಿರಲಿಲ್ಲ?

"ಉಸ್ತಾದ್, ಎಲ್ಲರದ್ದೂ ಇದೆ. ನಮ್ಮದು ಮಾತ್ರ ಯಾಕಿಲ್ಲ?"

ಕಳೆದ ಬೇಸಿಗೆ ರಜೆಯಲ್ಲಿ ಐದನೇ ತರಗತಿಯ ಹುಡುಗನೊಬ್ಬ ನನ್ನ ಜುಬ್ಬಾದ ತುದಿ ಹಿಡಿದು ಕೇಳಿದ ಪ್ರಶ್ನೆ ಇದು. ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವಾಗ ಸಿಗುವ ಕೆರೆಗಳಲ್ಲಿ ಒಂದರ ದಂಡೆಯಲ್ಲಿ, ಸುತ್ತಲಿನ ನಿವಾಸಿಗಳು ಸೇರಿ ಜಾನಪದ ಹಾಡು-ಕುಣಿತ ಮತ್ತು ಕರಕುಶಲ ವಸ್ತುಗಳ ಮೇಳ ಇಟ್ಟುಕೊಂಡಿದ್ದರು. ಹುಡುಗ ಅವನ ತಂದೆಯ ಜೊತೆ ಬಂದಿದ್ದ. ನಾನು ಒಬ್ಬನೇ ಹೋಗಿದ್ದೆ, ಸ್ವಲ್ಪ ಕದ್ದ ಹಾಗೆಯೇ. ಯಾಕೆಂದರೆ ಅವನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಬೇಡ ಎಂದವನು ನಾನೇ.

ಮೇಳಕ್ಕೆ ಒಂದು ತಿಂಗಳು ಇರುವಾಗ ಅದರ ವ್ಯವಸ್ಥೆ ನೋಡುವ ಹೆಂಗಸೊಬ್ಬರು ನಮ್ಮ ಮದ್ರಸದ ಗೇಟಿಗೆ ಬಂದಿದ್ದರು. ಮಿಲಾದ್ ಜಾಥಾದಲ್ಲಿ ನಮ್ಮ ಮಕ್ಕಳ ದಫ್ ನೋಡಿದ್ದರಂತೆ. "ಸರ್, ನಿಮ್ಮ ಮಕ್ಕಳನ್ನ ಕಳಿಸ್ತೀರಾ? ಇಪ್ಪತ್ತು ನಿಮಿಷ ಸಾಕು. ಮೈಕ್ ನಾವು ಕೊಡ್ತೀವಿ" ಅಂದರು. ಕಮಿಟಿಯಲ್ಲಿ ಕೇಳಿ ಹೇಳ್ತೇನೆ ಅಂದೆ. ಜುಮಾ ನಂತರ ಕಮಿಟಿಯಲ್ಲಿ ವಿಷಯ ಬಂತು. ಹಿರಿಯ ಹಾಜಿಯಾರ್ ಒಬ್ಬರು "ದಫ್ ಅಂದರೆ ಸ್ವಲಾತ್ ಹೇಳುವಾಗ ಬಡಿಯುವುದು, ಅದನ್ನು ಕುಣಿತದ ಪಕ್ಕ ನಿಲ್ಲಿಸುವುದಾ ಉಸ್ತಾದ್?" ಅಂತ ಕೇಳಿದರು. ಇನ್ನೊಬ್ಬರು, "ಈಗಿನ ಕಾಲ ಸರಿ ಇಲ್ಲ, ಯಾರಾದರೂ ವೀಡಿಯೊ ಮಾಡಿ ಏನಾದರೂ ಬರೆದು ಬಿಟ್ಟರೆ?" ಅಂದರು. ನಾನು ಬಾಯಿ ಬಿಡಲಿಲ್ಲ. ಮರುದಿನ ಫೋನ್ ಮಾಡಿ, ಮಕ್ಕಳಿಗೆ ಪರೀಕ್ಷೆ ಇದೆ ಅಂತ ಹೇಳಿದೆ. ಎಪ್ರಿಲ್ ಕೊನೆಯಲ್ಲಿ ಯಾವ ಪರೀಕ್ಷೆ? ಆ ಹೆಂಗಸಿಗೂ ಅರ್ಥ ಆಗಿರಬೇಕು, ಅವರು ಮತ್ತೆ ಕೇಳಲಿಲ್ಲ.

ಮೇಳದಲ್ಲಿ ನಾನು ಕಂಡದ್ದನ್ನು ಮೊದಲು ಹೇಳುತ್ತೇನೆ. ಡೊಳ್ಳು ಕುಣಿತ ಇತ್ತು, ಕಂಸಾಳೆ ಇತ್ತು. ಒಂದು ಮೂಲೆಯಲ್ಲಿ ತಮಟೆಯವರು ರಟ್ಟು ಉರಿಸಿ ಚರ್ಮ ಕಾಯಿಸುತ್ತಿದ್ದರು. ಅದನ್ನು ನೋಡಿ ನನಗೆ ಊರಿನ ನೆನಪಾಯಿತು. ಕರಾವಳಿಯ ಮಳೆಗಾಲದಲ್ಲಿ ದಫ್‌ನ ಚರ್ಮ ತಂಪಿಗೆ ಸಡಿಲ ಬಿಟ್ಟು ಸದ್ದು ಸತ್ತು ಹೋಗುತ್ತಿತ್ತು. ನಾವೂ ಹೀಗೆಯೇ ಬೆಂಕಿಯ ಮೇಲೆ ತಿರುಗಿಸಿ ತಿರುಗಿಸಿ ಬಿಗಿ ಮಾಡುತ್ತಿದ್ದೆವು. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಅದರ ತಾಪತ್ರಯವೇ ಕಡಿಮೆ. ದಫ್‌ಗೆ ಇದಕ್ಕಿಂತ ಒಳ್ಳೆಯ ಹವೆ ಬೇರೆ ಇಲ್ಲ ಅಂತ ಅಲ್ಲಿ ನಿಂತು ಅನಿಸಿತು.

ಇನ್ನು ಕರಕುಶಲದ ಅಂಗಡಿಗಳು. ಚನ್ನಪಟ್ಟಣದ ಬೊಂಬೆ, ಅರಗಿನ ಬಣ್ಣ ಹಚ್ಚಿದ ಬುಗುರಿ, ಗಿಲಕಿ. ಈ ಕಸುಬಿಗೆ ಜಪಾನಿನ ವಿಧಾನ ತಂದು ಬೆಳೆಸಿದವರು ಬಾವಾಸ್ ಮಿಯಾನ್ ಎಂದು ಆ ಊರಿನವರು ಇಂದಿಗೂ ನೆನೆಯುತ್ತಾರೆ. ಪಕ್ಕದಲ್ಲಿ ಬಿದರಿ ಸಾಮಾನು. ಸತು-ತಾಮ್ರ ಬೆರೆಸಿದ ಲೋಹದ ಮೇಲೆ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಕೆಲಸ. ಆ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಗಡಿಗಳ ಸಾಲಿನಲ್ಲಿ ನಡೆಯುತ್ತಾ ಹೋದರೆ ಪ್ರತಿ ಎರಡನೇ ವಸ್ತುವಿನ ಹಿಂದೆ ಒಬ್ಬ ಮುಸ್ಲಿಂ ಕಸುಬುದಾರನ ಕೈ ಇದೆ. ದಾವೂದ್ ನಬಿ ಅಲೈಹಿಸ್ಸಲಾಂ ಕೈಯಾರೆ ಕವಚ ಮಾಡಿ ಉಂಡವರು, ಝಕರಿಯ್ಯಾ ನಬಿ ಬಡಗಿ. ಇದನ್ನು ನಾನು ತರಗತಿಯಲ್ಲಿ ವರ್ಷ ವರ್ಷ ಹೇಳುತ್ತೇನೆ. ಆದರೆ ಒಬ್ಬ ಬಡಗಿ ಕೆಲಸ ಮಾಡುವುದನ್ನು ತೋರಿಸಲು ಮಕ್ಕಳನ್ನು ಎಂದೂ ಕರೆದುಕೊಂಡು ಹೋದವನಲ್ಲ.

ಅಷ್ಟೆಲ್ಲ ಇದ್ದೂ ಬ್ಯಾರಿಗಳದ್ದು ಅಂತ ಅಲ್ಲಿ ಒಂದು ವಸ್ತು ಇರಲಿಲ್ಲ, ಒಂದು ಹಾಡು ಇರಲಿಲ್ಲ. ಚಹಾ ಮತ್ತು ಜ್ಯೂಸ್ ಅಂಗಡಿ ಮಾತ್ರ ನಮ್ಮವರದ್ದು! (ಅದು ಎಲ್ಲಿ ಹೋದರೂ ಇರುತ್ತದೆ, ಅಲ್‌ಹಂದುಲಿಲ್ಲಾಹ್.)

ಈಗ ಹಾಜಿಯಾರ್ ಎತ್ತಿದ ಪ್ರಶ್ನೆಗೆ ಬರುತ್ತೇನೆ. ಅದು ಹಗುರವಾದ ಪ್ರಶ್ನೆ ಅಲ್ಲ, ದೀನಿನ ಪ್ರಶ್ನೆ. ಆ ದಿನ ಉತ್ತರ ಕೊಡಬೇಕಾದವನು ನಾನು. ಶಾಫಿಈ ಮದ್‌ಹಬಿನ ನಮಗೆ ಇಮಾಮ್ ನವವಿಯವರ ಮಿನ್ಹಾಜ್ ದೊಡ್ಡ ಆಧಾರ. ಮದುವೆಗೂ ಸುನ್ನತ್ ಕಾರ್ಯಕ್ಕೂ ದಫ್ ಜಾಯಿಝ್, ಉಳಿದ ಸಂದರ್ಭಗಳಿಗೂ ಹೆಚ್ಚು ಸರಿಯಾದ ಅಭಿಪ್ರಾಯದಂತೆ ಜಾಯಿಝ್, ಅದಕ್ಕೆ ಗೆಜ್ಜೆ ಕಟ್ಟಿದ್ದರೂ ಸರಿ ಎಂಬುದು ಅದರಲ್ಲಿದೆ. ತಂತಿ ವಾದ್ಯ, ಕೊಳಲಿನ ವಿಷಯ ಬೇರೆ. ಅದರ ಚರ್ಚೆ ಇಲ್ಲಿ ಎಳೆಯುವುದಿಲ್ಲ, ನಮ್ಮ ಮಕ್ಕಳ ಕೈಯಲ್ಲಿ ಇರುವುದು ದಫ್ ಒಂದೇ. ಬುಖಾರಿಯಲ್ಲಿ ಬರುವ ಎರಡು ಘಟನೆಗಳು ಎಲ್ಲರಿಗೂ ಗೊತ್ತು. ಈದ್ ದಿನ ಆಯಿಶಾ ಬೀವಿಯ ಮನೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಡಿದು ಹಾಡುತ್ತಿದ್ದಾಗ ಅಬೂಬಕರ್ ಸಿದ್ದೀಕ್ (ರ) ಗದರಿದರು. ಪ್ರವಾದಿ (ಸ) ಅವರನ್ನು ಬಿಡಿ ಎಂದು ತಡೆದರು. ಇನ್ನೊಂದು, ಅಬಿಸೀನಿಯಾದವರು ಮಸೀದಿಯಲ್ಲೇ ಭರ್ಜಿ ಹಿಡಿದು ತಮ್ಮ ಊರಿನ ಆಟ ಆಡಿದರು. ಪ್ರವಾದಿಯವರು ಬೀವಿಯನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು, ಅವರಿಗೆ ಸಾಕು ಅನಿಸುವ ತನಕ ತೋರಿಸಿದರು. ಆ ಆಟ ಆಫ್ರಿಕಾದಿಂದ ಬಂದವರದ್ದು, ಮದೀನಾದವರದ್ದಲ್ಲ. ಅವರ ಆಟಕ್ಕೆ ಮಸೀದಿಯಲ್ಲೇ ಜಾಗ ಸಿಕ್ಕಿತ್ತು.

ಇನ್ನೊಂದು ಮಾತು, ಕಮಿಟಿಯವರು ಬೇಸರ ಮಾಡಿಕೊಳ್ಳಬಾರದು. ನಮ್ಮ ಮದುವೆ ಹಾಲ್‌ಗಳಲ್ಲಿ ಈಗ ಏನು ನಡೀತದೆ ಅಂತ ನಾವೆಲ್ಲ ನೋಡಿದ್ದೇವೆ. ಡಿಜೆ, ಹೊಗೆ ಬಿಡುವ ಮಿಶಿನ್, ಸಿನಿಮಾ ಹಾಡಿಗೆ ಮದುಮಗನ ಪ್ರವೇಶ. ಅದಕ್ಕೆ ಯಾವ ಕಮಿಟಿಯೂ ಸಭೆ ಕರೆದದ್ದು ನನಗೆ ನೆನಪಿಲ್ಲ. ಕೆರೆ ದಂಡೆಯಲ್ಲಿ ಹನ್ನೆರಡು ಮಕ್ಕಳು ಟೊಪ್ಪಿ ಹಾಕಿ ಮದ್‌ಹ್ ಹಾಡಿ ದಫ್ ಬಡಿಯುವುದಕ್ಕೆ ಮಾತ್ರ ಅರ್ಧ ಗಂಟೆ ಚರ್ಚೆ. ಹಿಂದೆ ಅದೇ ಮದುವೆ ಮನೆಯಲ್ಲಿ ಮೈಲಾಂಜಿ ಹಾಡು ಇತ್ತು, ಒಪ್ಪನೆ ಪಾಟ್ ಇತ್ತು, ಗಂಡಿನ ಕಡೆಯವರ ಮುಂದೆ ಕೋಲ್ಕಲಿ ಇತ್ತು. ನಮ್ಮ ಹಾಡನ್ನು ಯಾರೂ ಕಸಿದುಕೊಂಡದ್ದಲ್ಲ, ನಾವೇ ಬಾಡಿಗೆ ಸ್ಪೀಕರಿಗೆ ಜಾಗ ಬಿಟ್ಟುಕೊಟ್ಟದ್ದು.

ಎರಡನೆಯ ಆತಂಕ ಭಯದ್ದು. ಅದನ್ನು ನಾನು ತಮಾಷೆ ಮಾಡುವುದಿಲ್ಲ. 2022ರ ಮಾರ್ಚಿನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದು ಎಂದು ಬ್ಯಾನರ್ ಬಂದದ್ದು ಎಲ್ಲರಿಗೂ ನೆನಪಿದೆ. ಆ ಸುದ್ದಿಯಲ್ಲಿ ಬಪ್ಪನಾಡಿನ ಹೆಸರೂ ಇತ್ತು. ಶಾಂಭವಿ ನದಿಯ ಹತ್ತಿರದ ಮುಲ್ಕಿಯ ಆ ದೇವಸ್ಥಾನದ ಐತಿಹ್ಯದಲ್ಲೇ ಬಪ್ಪ ಬ್ಯಾರಿ ಇದ್ದಾನೆ, ಊರಿನ ಹೆಸರೂ ಅವನಿಂದಲೇ ಬಂದದ್ದು ಅನ್ನುತ್ತಾರೆ. ಬಪ್ಪನಾಡಿನ ಡೋಲು ತುಳುನಾಡಿನಲ್ಲೆಲ್ಲ ಹೆಸರಾದದ್ದು. ಬೇಸಿಗೆಯ ಜಾತ್ರೆ, ಹತ್ತಿರ ನದಿ, ದೊಡ್ಡ ಡೋಲು, ಬ್ಯಾರಿಯ ಹೆಸರು, ಇಷ್ಟೆಲ್ಲ ಒಟ್ಟಿಗೆ ಇದ್ದ ಜಾಗದಲ್ಲೇ ಹಾಗಾಯಿತಲ್ಲ ಅಂತ ನನ್ನ ಉಮ್ಮ ಆಗ ತುಂಬ ನೊಂದುಕೊಂಡಿದ್ದರು. ಆ ನಂತರ ನಮ್ಮವರು ಯಾವ ಮೇಳ ಅಂದರೂ ಒಂದು ಹೆಜ್ಜೆ ಹಿಂದೆ ಇಡುತ್ತಾರೆ. ಅದು ಸಹಜ.

ಆದರೆ ಇಲ್ಲಿ ನಮ್ಮನ್ನು ಯಾರೂ ತಡೆದಿರಲಿಲ್ಲ. ಅವರೇ ಗೇಟಿನ ತನಕ ಬಂದು ಕರೆದಿದ್ದರು. ಕರೆದಲ್ಲಿಗೂ ಹೋಗದಿದ್ದರೆ, ಕರೆಯದಿರುವವರ ಕೆಲಸ ನಾವೇ ಮಾಡಿಕೊಟ್ಟ ಹಾಗೆ. ಇದೇ ಬೆಂಗಳೂರಿನಲ್ಲಿ ಚೈತ್ರದ ಹುಣ್ಣಿಮೆಗೆ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದೇ ಮುಂದೆ ಹೋಗುವುದು. ಮುಧೋಳ-ಮಹಾಲಿಂಗಪುರದ ಕಡೆ ಇಬ್ರಾಹಿಂ ಸುತಾರರು ಊರೂರು ಸುತ್ತಿ ಭಜನೆ, ತತ್ವಪದ ಹಾಡಿದರು. 2018ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಅವರು ಹಾಡಿದ್ದೆಲ್ಲ ನಾವು ಹಾಡಬೇಕು ಅಂತ ನಾನು ಹೇಳುತ್ತಿಲ್ಲ. ನಮಗೆ ನಮ್ಮ ಅಖೀದಾ ಇದೆ, ನಮ್ಮ ಗಡಿ ಇದೆ. ನಮ್ಮದೇ ಹಾಡನ್ನು ನಮ್ಮದೇ ಅದಬಿನಲ್ಲಿ ಹಾಡುವುದಕ್ಕೆ ಏನು ಅಡ್ಡಿ ಅಂತ ಮಾತ್ರ ಕೇಳುತ್ತಿದ್ದೇನೆ.

ನೆರೆಯ ಕೇರಳವನ್ನು ನೋಡಿ. ತಲಪಾಡಿ ದಾಟಿದರೆ ಮಂಜೇಶ್ವರ, ಅಲ್ಲಿಯೂ ನಮ್ಮದೇ ಬ್ಯಾರಿ ಮನೆಗಳು. ಆದರೆ ಅಲ್ಲಿನ ಶಾಲಾ ಕಲೋತ್ಸವದಲ್ಲಿ ದಫ್‌ಮುಟ್ಟು, ಕೋಲ್ಕಳಿ, ಒಪ್ಪನ ಎಲ್ಲ ಸ್ಪರ್ಧೆಯ ವಿಷಯ. ಮಕ್ಕಳು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ, ಬೇರೆ ಧರ್ಮದ ಮಕ್ಕಳೂ ಕಲಿಯುತ್ತಾರೆ. ನಮ್ಮಲ್ಲಿ 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. ಅಕ್ಟೋಬರ್ 3 ಬ್ಯಾರಿ ಭಾಷಾ ದಿನ ಆಯಿತು. 2011ರ 'ಬ್ಯಾರಿ' ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಇದೆಲ್ಲ ಸಂತೋಷದ ವಿಷಯವೇ. ಆದರೆ ಆರ್.ಟಿ. ನಗರದ ಮೂರನೇ ಮಹಡಿಯ ಮನೆಯಲ್ಲಿ ಬೆಳೆಯುವ ಮಗುವಿಗೆ ಅದರಿಂದ ಏನು ತಲುಪಿತು? ನನ್ನ ತರಗತಿಯಲ್ಲಿ ಅರ್ಧದಷ್ಟು ಮಕ್ಕಳಿಗೆ ಬ್ಯಾರಿ ಅರ್ಥ ಆಗುತ್ತದೆ, ಮಾತಾಡಲು ಬರುವುದಿಲ್ಲ. ಪಕ್ಕದ ಉರ್ದು ಮಕ್ಕಳ ಜೊತೆ ಉರ್ದು, ಶಾಲೆಯಲ್ಲಿ ಇಂಗ್ಲಿಷ್, ರಸ್ತೆಯಲ್ಲಿ ಕನ್ನಡ. ಬ್ಯಾರಿ ಇರುವುದು ಊರಿನ ಉಮ್ಮುಮ್ಮನ ಫೋನ್ ಬಂದಾಗ ಮಾತ್ರ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟವಾಗಿಯೇ ಹೇಳುತ್ತೇನೆ. ಈ ಬೇಸಿಗೆಯಲ್ಲಿ ಇಂಥ ಮೇಳಕ್ಕೆ ಕರೆ ಬಂದರೆ ನಮ್ಮ ಮದ್ರಸಗಳು ಹೋಗಬೇಕು. ಕರೆ ಬಾರದಿದ್ದರೆ ಕೇಳಿ ಪಡೆಯಬೇಕು. ನಮ್ಮ ಶರತ್ತು ಹೇಳಲಿಕ್ಕೆ ನಾಚಿಕೆ ಬೇಡ. ಅಸರ್ ಆದ ಮೇಲೆ ಶುರು, ಮಗ್ರಿಬ್‌ಗೆ ಮೊದಲು ಮುಗಿಯಬೇಕು. ನಮ್ಮ ಇಪ್ಪತ್ತು ನಿಮಿಷದ ನಡುವೆ ಬೇರೆ ಸಂಗೀತ ಬೇಡ. ಇಷ್ಟನ್ನು ವಿನಯದಿಂದ ಹೇಳಿದರೆ ಬೇಡ ಅನ್ನುವವರು ಕಡಿಮೆ. ಹೆಂಗಸರು ವೇದಿಕೆ ಹತ್ತಬೇಕೆಂದಿಲ್ಲ. ಅಂಗಡಿ ಸಾಲಿನಲ್ಲಿ ಒಂದು ಮೇಜು ಸಾಕು. ಉಮ್ಮುಮ್ಮಂದಿರ ಅಲಿಕತ್ ಒಂದು ಜೊತೆ ನೋಡಲಿಕ್ಕೆ ಇಡಬಹುದು, ಕುಪ್ಪಾಯ ಹೊಲಿಯುವವರು ಇನ್ನೂ ಇದ್ದಾರೆ, ಮುಂಡೋವು ಎಲೆಯ ಚಾಪೆ ಊರಿಂದ ತರಿಸಬಹುದು. ಪತ್ತಿರ್, ಪಿಂಡಿ ಮಾಡಿಟ್ಟರೆ ಒಂದು ಗಂಟೆಯಲ್ಲಿ ಖಾಲಿ, ಅದಕ್ಕೆ ನಾನು ಜಾಮೀನು.

ರಜೆಗೆ ಊರಿಗೆ ಹೋಗುವವರಿಗೆ ಒಂದು ಕೆಲಸ. ಕೋಲ್ಕಲಿ ಆಡಿದ ಹಿರಿಯರು ಈಗ ಎಪ್ಪತ್ತು ದಾಟಿದ್ದಾರೆ. ಹಾಡಿನ ಸಾಲು ಅವರ ಬಾಯಲ್ಲಿದೆ, ಹೆಜ್ಜೆ ಅವರ ಕಾಲಲ್ಲಿದೆ, ಬರೆದಿಟ್ಟದ್ದು ಬಹಳ ಕಡಿಮೆ. ಮೈಲಾಂಜಿ ಹಾಡು ಗೊತ್ತಿರುವ ಉಮ್ಮುಮ್ಮ ಮನೆಯಲ್ಲಿದ್ದರೆ, ಬೀಡಿ ಕಟ್ಟುವಾಗ ಗುನುಗುವುದನ್ನು ಹೆಣ್ಣು ಮಕ್ಕಳು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಲಿ. ಸ್ಟೇಟಸ್ ಹಾಕಲಿಕ್ಕಲ್ಲ, ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ.

ಮೇಳ ಕೆರೆ ದಂಡೆಯಲ್ಲೇ ಯಾಕೆ ಅಂತ ಆ ಹೆಂಗಸನ್ನು ನಾನು ಆ ದಿನ ಕೇಳಿದ್ದೆ. "ಜನ ಕೆರೆ ಕಡೆ ಬಂದರೆ ಕೆರೆ ಉಳಿಯುತ್ತೆ ಸರ್" ಅಂದರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಮಸೀದಿಯ ಹೌಳಿಗೆ ಟ್ಯಾಂಕರ್ ನೀರು ಹಾಕಿಸಿದ ನಮಗೆ ಆ ಮಾತು ಬೇರೆಯವರ ಮಾತಲ್ಲ. ಜಕ್ಕೂರು ಕೆರೆ ಸುಮಾರು 160 ಎಕರೆ. ಚರಂಡಿ ನೀರನ್ನು ಶುದ್ಧ ಮಾಡಿ, ಜೊಂಡು ಬೆಳೆದ ಜೌಗಿನಲ್ಲಿ ಹಾಯಿಸಿ ಅದನ್ನು ತುಂಬಿಸುತ್ತಾರೆ. ಹರಿಯುವ ನದಿಯ ದಡದಲ್ಲಿ ಕೂತು ವುಳೂ ಮಾಡಿದರೂ ನೀರು ಪೋಲು ಮಾಡಬೇಡ ಎಂಬ ಪಾಠ ಇರುವ ದೀನ್ ನಮ್ಮದು. ಆ ಪಾಠವನ್ನು ಮಕ್ಕಳಿಗೆ ನಲ್ಲಿಯ ಮುಂದೆ ಹೇಳುವುದಕ್ಕಿಂತ ಕೆರೆಯ ಮುಂದೆ ಹೇಳುವುದು ಸುಲಭ.

ಈ ವರ್ಷ ಅವರಿಂದ ಮತ್ತೆ ಮೆಸೇಜ್ ಬಂದಿದೆ. ಪರೀಕ್ಷೆಯ ಸುಳ್ಳಿಗೆ ಮೊದಲು ಮಾಫಿ ಕೇಳಿದೆ, ಅವರು ನಕ್ಕು ಬಿಟ್ಟರು. ಬರುವ ಜುಮಾ ನಂತರ ಕಮಿಟಿ ಕೂರುತ್ತದೆ. ಮಿನ್ಹಾಜ್‌ನಲ್ಲಿ ಆ ಪುಟಕ್ಕೆ ಗುರುತು ಇಟ್ಟುಕೊಂಡಿದ್ದೇನೆ, ಹಾಜಿಯಾರ್ ಪಕ್ಕದಲ್ಲೇ ಕೂರುವವನಿದ್ದೇನೆ. ಹನ್ನೆರಡು ಮಕ್ಕಳ ಹೆಸರು ಬರೆದಾಗಿದೆ. ಅದರಲ್ಲಿ ಜುಬ್ಬಾ ಹಿಡಿದು ಕೇಳಿದ ಹುಡುಗನೂ ಇದ್ದಾನೆ. ಬ್ಯಾರಿ ಸರಿಯಾಗಿ ಬಾರದ ಇಬ್ಬರು ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿಯುತ್ತಿದ್ದಾರೆ. ಉಚ್ಚಾರ ಇನ್ನೂ ಸ್ವಲ್ಪ ತಿದ್ದಬೇಕು.